ಸಹಾಯ ಬೇಕು: ಲಿನಕ್ಸ್ ಲ್ಯಾಪ್‌ಟಾಪಲ್ಲಿ ಪ್ರಿಂಟರ್ ಕಾಣ್ತದೆ, ಪ್ರಿಂಟ್ ಬರಲ್ಲ

ಎಲ್ಲರಿಗೂ ನಮಸ್ಕಾರ್ರೀ. ಊರು ಗಂಗಾವತಿ. ಮನೆಯಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡರಲ್ಲೂ ಉಬುಂಟು 22.04 ಲಿನಕ್ಸ್. ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ಲೇಸರ್ ಪ್ರಿಂಟರ್ ಹಾಕಿದೆ, ಅಲ್ಲಿಂದ ಪ್ರಿಂಟ್ ಸರಿಯಾಗಿ ಬರ್ತದೆ. ವೈಫೈ ಲ್ಯಾಪ್‌ಟಾಪ್‌ನಿಂದ ಕೊಟ್ಟರೆ ಕ್ಯೂನಲ್ಲೇ ನಿಂತು, ಪ್ರಿಂಟರ್ ಸಿಗಲಿಲ್ಲ ಅಂತದೆ.

ಡೆಸ್ಕ್‌ಟಾಪ್‌ನ ಕಪ್ಸ್‌ನಲ್ಲಿ (ಲಿನಕ್ಸ್‌ನ ಪ್ರಿಂಟಿಂಗ್ ಸಾಫ್ಟ್‌ವೇರ್) ಶೇರಿಂಗ್ ಎರಡು ಕಡೆ ಆನ್ ಇದೆ: ಸರ್ವರ್‌ಗೊಂದು, ಆ ಪ್ರಿಂಟರ್‌ಗೊಂದು (ಎರಡನೇದು ಮರೆಯೋರೇ ಜಾಸ್ತಿ). ಫೈರ್‌ವಾಲ್‌ನಲ್ಲಿ ಟಿಸಿಪಿ 631, ಯುಡಿಪಿ 5353 ತೆರೆದಿವೆ. ಅವಾಹಿ (ಎಂಡಿಎನ್‌ಎಸ್ ಮೂಲಕ, ಅಂದ್ರೆ ಮನೆ ನೆಟ್‌ವರ್ಕ್ ಒಳಗೇ ಹೆಸರು ಕೇಳಿ ಯಂತ್ರ, ಪ್ರಿಂಟರ್ ಹುಡುಕೋ ಸೇವೆ) ಎರಡು ಯಂತ್ರದಲ್ಲೂ ಓಡ್ತಿದೆ. ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಡೆಸ್ಕ್‌ಟಾಪ್‌ನ ಐಪಿ, ಮುಂದೆ 631 ಹಾಕಿದರೆ ಕಪ್ಸ್ ಪುಟ ಬರ್ತದೆ. ಹಾಗಾಗಿ ರೂಟರ್‌ನ ಕ್ಲೈಂಟ್ ಐಸೊಲೇಷನ್ (ವೈಫೈ ಯಂತ್ರಗಳು ಒಂದಕ್ಕೊಂದು ಮಾತಾಡದಂತೆ ತಡೆಯೋದು) ಕಾರಣ ಅಲ್ಲ.

ಸಿಕ್ಕ ಸುಳಿವು ಒಂದೇ. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ನ ಐಪಿಗೆ ಪಿಂಗ್ ಹೋಗ್ತದೆ, ಅದರ ಡಾಟ್ ಲೋಕಲ್ ಹೆಸರಿಗೆ ಹೋಗಲ್ಲ. ಆದರೆ ಅವಾಹಿ-ರಿಸಾಲ್ವ್ ಕಮಾಂಡ್ ಕೊಟ್ಟರೆ ಅದೇ ಹೆಸರಿಗೆ ಸರಿಯಾದ ಐಪಿ ಬರ್ತದೆ! ಹೆಸರನ್ನು ಯಾವ ಕ್ರಮದಲ್ಲಿ ಹುಡುಕಬೇಕು ಅಂತ ಹೇಳೋ ಎನ್‌ಎಸ್‌ಸ್ವಿಚ್ ಫೈಲ್‌ನ ಹೋಸ್ಟ್ಸ್ ಸಾಲಿನಲ್ಲಿ ಎಂಡಿಎನ್‌ಎಸ್4 ಮಿನಿಮಲ್ (ಡಾಟ್ ಲೋಕಲ್ ಹೆಸರು ಹುಡುಕೋ ಮಾಡ್ಯೂಲ್), ಡಿಎನ್‌ಎಸ್‌ಗಿಂತ ಮುಂಚೇನೇ ಇದೆ. ರೂಟರ್‌ನ ಡಿಎನ್‌ಎಸ್ 'ಲೋಕಲ್' ಡೊಮೈನ್ ತನ್ನದೇ ಅಂತ ಉತ್ತರ (ಎಸ್‌ಒಎ ದಾಖಲೆ) ಕೊಟ್ಟರೆ ಈ ಮಿನಿಮಲ್ ಸುಮ್ಮನಾಗ್ತದೆ, ಅನುಮಾನ ಅಲ್ಲೇ.

ಐಪಿ ಹಾಕಿ ಪ್ರಿಂಟರ್ ಸೇರಿಸಿದರೆ ಕೆಲಸ ಆಗ್ತದೆ, ಆದರೆ ಕರೆಂಟ್ ಹೋಗಿ ರೂಟರ್ ಮತ್ತೆ ಆನ್ ಆದಾಗ ಐಪಿ ಬದಲಾಗ್ತದೆ. ರೂಟರ್‌ನ ಡಿಎಚ್‌ಸಿಪಿಯಲ್ಲಿ (ಐಪಿ ಹಂಚೋ ಸೇವೆ) ಡೆಸ್ಕ್‌ಟಾಪ್‌ಗೆ ಐಪಿ ಕಾಯ್ದಿರಿಸೋದೇ ಸಾಕಾ, ಇಲ್ಲಾ ಎಂಡಿಎನ್‌ಎಸ್ ಅಲೋ ಫೈಲ್ (ಯಾವ ಹೆಸರು ಎಂಡಿಎನ್‌ಎಸ್‌ನಲ್ಲಿ ಹುಡುಕಬಹುದು ಅನ್ನೋ ಪಟ್ಟಿ) ಬರೆದು ಮಿನಿಮಲ್ ಬದಲು ಪೂರ್ತಿ ಎಂಡಿಎನ್‌ಎಸ್4 ಹಾಕೋದು ಒಳ್ಳೇದಾ? ಮಾಡಿ ನೋಡಿದವರು ಹೇಳ್ರಿ.