ಪದಚರ್ಚೆ: ‘ಮೂಳೆ ಕಟ್ಟುವ ಮದ್ದು’ ಗಂಡಸರಲ್ಲಿ ‘ಬೇರೆ ಥರ ಕೆಲಸ ಮಾಡುತ್ತದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ) ಬಗ್ಗೆ ಜನಸಾಮಾನ್ಯರಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಲಹೆ ಬೇಕು.

ಮೊದಲನೆಯದು ಸಣ್ಣದು, ಒಂದು ಬಗೆಯ ಔಷಧಿಗೆ ಸರಿಯಾದ ಹೆಸರು ಹುಡುಕುವುದು. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳಿವೆ, ಹೊಸದನ್ನು ಕಟ್ಟುವ ಕೋಶಗಳೂ ಇವೆ. ಅಲೆಂಡ್ರೊನೇಟ್, ಡೆನೊಸುಮ್ಯಾಬ್ ಮುಂತಾದ ಔಷಧಿಗಳು ಕರಗುವುದನ್ನು ತಡೆಯುತ್ತವೆ, ಅಷ್ಟೇ. ಟೆರಿಪ್ಯಾರಟೈಡ್, ಅಬಲೊಪ್ಯಾರಟೈಡ್, ರೊಮೊಸೊಜುಮ್ಯಾಬ್ ಇವು ಹೊಸದನ್ನು ಕಟ್ಟಿಸುತ್ತವೆ (ರೊಮೊಸೊಜುಮ್ಯಾಬ್ ಕರಗುವುದನ್ನೂ ಸ್ವಲ್ಪ ತಗ್ಗಿಸುತ್ತದೆ). ಆದರೆ ಜನ ಇವೆಲ್ಲವನ್ನೂ, ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ, ‘ಮೂಳೆ ಗಟ್ಟಿಯಾಗೋ ಮಾತ್ರೆ’ ಅಂದುಬಿಡುತ್ತಾರೆ. ‘ಮೂಳೆ ಕಟ್ಟುವ ಮದ್ದು’ ಅಂದರೆ ಮುರಿದ ಕೈಗೆ ಪಟ್ಟು ಹಾಕಿ ಕಟ್ಟುವುದು ಕಣ್ಮುಂದೆ ಬರುತ್ತದೆ. ‘ಮೂಳೆ ಬೆಳೆಸುವ’ ಅಂದರೆ ಎತ್ತರ ಬೆಳೆಯುವ ಔಷಧಿಯೇನೋ ಅನ್ನಿಸುತ್ತದೆ. ಸದ್ಯಕ್ಕೆ ‘ಹೊಸ ಮೂಳೆ ಕಟ್ಟಿಸುವ’ ಅಂತ ಬರೆದಿದ್ದೇನೆ, ಸ್ವಲ್ಪ ಉದ್ದವಾಯಿತು ಅಲ್ವಾ? ಕಾಯಿಲೆಗೆ ‘ಮೂಳೆ ಸವೆತ’ ಅನ್ನುವುದನ್ನಂತೂ ಬೇಕೆಂದೇ ಬಿಟ್ಟಿದ್ದೇನೆ, ಅದನ್ನು ಓದಿದವರು ಮಂಡಿನೋವು ಅಂದುಕೊಳ್ಳುತ್ತಾರೆ.

ನಿಜವಾದ ತಲೆನೋವು ಎರಡನೆಯದು. ‘ಈ ಔಷಧಿಗಳು ಗಂಡಸರಲ್ಲಿ, ಹೆಂಗಸರಲ್ಲಿ ಬೇರೆ ಬೇರೆ ಥರ ಕೆಲಸ ಮಾಡುತ್ತವೆ’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಈ ಒಂದೇ ‘ಕೆಲಸ ಮಾಡು’ ಒಳಗೆ ಏನೇನೋ ತುಂಬಿಕೊಂಡಿದೆ. ಟೆರಿಪ್ಯಾರಟೈಡ್ ಅಂದರೆ ನಮ್ಮ ಮೈಯ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳ ತುಂಡು. ದಿನಕ್ಕೆ 20 ಮೈಕ್ರೊಗ್ರಾಂ ಚುಚ್ಚಿಕೊಂಡರೆ ಕಟ್ಟುವ ಕೋಶಗಳು ಚುರುಕಾಗುತ್ತವೆ. ಅದು ಹಿಡಿಯುವ ದಾರಿ ಗಂಡಸಿಗೂ ಹೆಂಗಸಿಗೂ ಒಂದೇ.

ಬೇರೆ ಇರುವುದು ಮೂಳೆ ಹಾಳಾದ ರೀತಿ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಕೆಲವೇ ವರ್ಷಗಳಲ್ಲಿ ಮೂಳೆ ಬೇಗ ಬೇಗ ಕರಗುತ್ತದೆ, ಒಳಗಿನ ಜಾಲರಿಯ ಕಡ್ಡಿಗಳು ಅಲ್ಲಲ್ಲಿ ತುಂಡಾಗುತ್ತವೆ. ಗಂಡಸರಲ್ಲಿ ಅದೇ ಕಡ್ಡಿಗಳು ತುಂಡಾಗುವುದಕ್ಕಿಂತ ನಿಧಾನವಾಗಿ ತೆಳುವಾಗುವುದು ಜಾಸ್ತಿ. ಇನ್ನೊಂದು ವಿಷಯ, ಗಂಡಸರ ಮೂಳೆಗೂ ಈಸ್ಟ್ರೊಜೆನ್ ಬೇಕು, ಅವರ ಮೈಯಲ್ಲಿ ಟೆಸ್ಟೊಸ್ಟಿರೋನಿನ ಒಂದು ಪಾಲು ಅದಾಗಿ ಬದಲಾಗುತ್ತದೆ. ಈಸ್ಟ್ರೊಜೆನ್ ಅನ್ನು ‘ಹೆಣ್ಣು ಹಾರ್ಮೋನ್’ ಅಂತ ಸುಮ್ನೆ ಬರೆದುಬಿಡುವ ಅಭ್ಯಾಸ ಹೋಗಬೇಕು ಅನ್ನುವುದು ನನ್ನ ಬಹಳ ದಿನದ ಜಗಳ.

ಇನ್ನು ಅಂಕಿ ಅಂಶ. ಟೆರಿಪ್ಯಾರಟೈಡ್‌ನ ಮೊದಲ ದೊಡ್ಡ ಪ್ರಯೋಗದಲ್ಲಿ 1637 ಹೆಂಗಸರಿದ್ದರು, ಬೆನ್ನುಮೂಳೆ ಮುರಿತ 65% ಕಡಿಮೆಯಾಯಿತು. ಗಂಡಸರ ಪ್ರಯೋಗದಲ್ಲಿ 437 ಮಂದಿ. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು 6% ಏರಿತು, ಹೆಂಗಸರಲ್ಲಿ ಇದು ಸುಮಾರು 9%. ನೋಡಿ, ಗಂಡಸರಿಗೆ ಕಡಿಮೆ ನಾಟುತ್ತದೆ ಅಂತ ಇಲ್ಲಿಂದಲೇ ಶುರುವಾಗುತ್ತದೆ. ಆದರೆ ಈ ಔಷಧಿ ಕೊಟ್ಟ ಇಲಿಗಳಲ್ಲಿ ಮೂಳೆ ಗೆಡ್ಡೆ ಕಂಡಿದ್ದರಿಂದ ಎರಡೂ ಪ್ರಯೋಗಗಳನ್ನು ಅರ್ಧಕ್ಕೆ ನಿಲ್ಲಿಸಿದ್ದರು, ಗಂಡಸರು ಔಷಧಿ ತೆಗೆದುಕೊಂಡಿದ್ದು ಒಂದು ವರ್ಷಕ್ಕೂ ಕಡಿಮೆ, ಹೆಂಗಸರು ಒಂದೂವರೆ ವರ್ಷಕ್ಕೂ ಹೆಚ್ಚು. ಮತ್ತೆ ಹೋಲಿಸುವುದು ಹೇಗೆ?

ರೊಮೊಸೊಜುಮ್ಯಾಬ್ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮುಟ್ಟು ನಿಂತ ಹೆಂಗಸರಿಗೆ ಮಾತ್ರ. ಅದೇ ವರ್ಷ ಜಪಾನ್ ಇಬ್ಬರಿಗೂ ಒಪ್ಪಿತು. ‘ಗಂಡಸರಿಗೆ ಆಗುವುದಿಲ್ಲ’ ಅಂತ ಬರೆದರೆ ಓದುಗ ‘ಗುಣ ಕಾಣಿಸಲ್ಲ’ ಅಂತ ತಿಳಿಯುತ್ತಾನೆ. ಗಂಡಸರ ಮೇಲಿನ ಪ್ರಯೋಗದಲ್ಲೂ ಸಾಂದ್ರತೆ ಏರಿತ್ತು.

ಹಾಗಾಗಿ ನಾನು ಬರೆದಿರುವುದು ಇದು: ‘ಮದ್ದು ಹಿಡಿಯುವ ದಾರಿ ಒಂದೇ, ಮೂಳೆ ಹಾಳಾಗುವ ಬಗೆ ಬೇರೆ, ಗಂಡಸರ ಮೇಲೆ ನಡೆದ ಪರೀಕ್ಷೆ ಕಡಿಮೆ.’ ‘ಹಿಡಿಯುವ ದಾರಿ’ ನಿಮ್ಮ ಕಡೆ ಅರ್ಥವಾಗುತ್ತದೆಯೇ, ಅಥವಾ ‘ನಾಟುವ ಬಗೆ’ ವಾಸಿಯೇ?