ಕೆರೆ ಮಂಜಿನಲ್ಲಿ ಒಂದೂ ಫೋಟೋ ಶಾರ್ಪ್ ಬರ್ತಿಲ್ಲ, ಲೆನ್ಸ್ ಕೆಟ್ಟಿದೆಯಾ?

ಗುಳುಮುಳುಕ (ಭಾನುವಾರ, 11.20)

ಮೂರು ಭಾನುವಾರ ಆಯ್ತು. ಕತ್ತಲಿರುವಾಗಲೇ ಎದ್ದು ಕೆರೆಗೆ ಹೋಗ್ತೀನಿ, ಎರಡೂವರೆ ಗಂಟೆ ಅಲ್ಲಾಡದೆ ಕಾಯ್ತೀನಿ. ಮನೆಗೆ ಬಂದು ನೋಡಿದ್ರೆ ಎಂಟುನೂರು ಫೋಟೋದಲ್ಲಿ ಒಂದೂ ನೆಟ್ಟಗಿಲ್ಲ. ಶವಲರ್ ಬಾತುಗಳು 20 ಮೀಟರ್ ದೂರದಲ್ಲಿ ಇದ್ದವು, ಅಷ್ಟು ಹತ್ತಿರ. ಆದ್ರೂ ಗರಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒದ್ದೆ ಬಟ್ಟೆ ಥರ ಕಾಣ್ತಿವೆ. ಗಂಡಿನ ಹಳದಿ ಕಣ್ಣು ಬರೀ ಒಂದು ಹಳದಿ ಕಲೆ.

150-600 ಮಿಲಿಮೀಟರ್ ಜೂಮ್ ಲೆನ್ಸ್, 600ರಲ್ಲಿ, ಅಪರ್ಚರ್ ಎಫ್ 6.3, ಶಟರ್ 1/1250 ಸೆಕೆಂಡ್, ಐಎಸ್‌ಒ 3200. ಇದೇ ಲೆನ್ಸ್‌ನಲ್ಲಿ ಮಧ್ಯಾಹ್ನ ತೆಗೆದದ್ದು ಚೆನ್ನಾಗೇ ಬರುತ್ತೆ. ರಿಪೇರಿಗೆ ಕೊಟ್ಟಿದ್ದೆ, ಹತ್ತು ದಿನ ಇಟ್ಕೊಂಡು 'ಏನೂ ತೊಂದರೆ ಇಲ್ಲ' ಅಂತ ವಾಪಸ್ ಕೊಟ್ರು. ಸೂಜಿಬಾಲದ ಬಾತುಗಳು ಈ ಕೆರೆಯಲ್ಲಿ ನನ್ನ ಕಣ್ಣಿಗೆ ಬಿದ್ದಿರೋದು ಇದೇ ಮೊದಲು. ಅವು ಹೊರಟು ಹೋಗೋದ್ರೊಳಗೆ ಒಂದಾದ್ರೂ ಒಳ್ಳೆ ಫೋಟೋ ಬೇಕು. ದಯವಿಟ್ಟು ಏನು ತಪ್ಪಾಗ್ತಿದೆ ಹೇಳಿ.

ಮಸೂರಮಿತ್ರ (ಭಾನುವಾರ, 11.52)

ಲೆನ್ಸ್ ಸರಿಯಾಗೇ ಇದೆ ಸರ್, ಇದು ಫೋಕಸ್ ಸಮಸ್ಯೆ. ಆಟೋಫೋಕಸ್ ಕೆಲಸ ಮಾಡೋದೇ ಕಾಂಟ್ರಾಸ್ಟ್ ಮೇಲೆ. ಮಂಜಿನಲ್ಲಿ ಕಪ್ಪು ಕಪ್ಪಾಗಿರಲ್ಲ, ಬಿಳಿ ಬಿಳಿಯಾಗಿರಲ್ಲ, ಎಲ್ಲ ಬೂದಿ ಬಣ್ಣ. ಕ್ಯಾಮೆರಾಗೆ ಹಿಡ್ಕೊಳ್ಳೋಕೆ ಒಂದು ಅಂಚು ಸಿಗಲ್ಲ. ಲೆನ್ಸ್ ಮೇಲಿರೋ ಫೋಕಸ್ ಲಿಮಿಟರ್ (ಫೋಕಸ್ ಹುಡುಕೋ ದೂರಕ್ಕೆ ಮಿತಿ ಹಾಕೋ ಸ್ವಿಚ್) ಹಾಕಿ, ಒಂದೇ ಪಾಯಿಂಟ್ ಇಟ್ಕೊಳ್ಳಿ, ಅದನ್ನ ಹಕ್ಕಿಯ ಮೈ ಮೇಲಲ್ಲ, ಬಣ್ಣ ಬದಲಾಗೋ ಗೆರೆ ಮೇಲಿಡಿ. ಶವಲರ್ ಗಂಡಾದ್ರೆ ಹಸಿರು ಕತ್ತು ಮುಗಿದು ಬಿಳಿ ಎದೆ ಶುರುವಾಗೋ ಜಾಗ. ಫೋಕಸ್ಸನ್ನ ಶಟರ್ ಬಟನ್‌ನಿಂದ ತೆಗೆದು ಕ್ಯಾಮೆರಾ ಹಿಂದಿನ ಬಟನ್‌ಗೆ ಕೊಡಿ. ನನಗೆ ಇದರಿಂದಲೇ ಸರಿಹೋಯ್ತು.

ಒಂಟಿಕಾಲಿನ ಕೊಕ್ಕರೆ (ಭಾನುವಾರ, 12.15)

ಎಕ್ಸ್‌ಪೋಶರ್ ಕಡೆಗೂ ಗಮನ ಇರಲಿ. ಮಂಜು ಅಂದ್ರೆ ಬೆಳ್ಳಗಿನ ದೃಶ್ಯ, ಮೀಟರ್ ಅದನ್ನ ಬೂದಿ ಮಾಡಿಬಿಡುತ್ತೆ. ನಾನು +1, ಅಂದ್ರೆ ಮೀಟರ್ ಹೇಳೋದಕ್ಕಿಂತ ದುಪ್ಪಟ್ಟು ಬೆಳಕು, ಇಟ್ಟೇ ಶುರು ಮಾಡೋದು. ಕಡಿಮೆ ಎಕ್ಸ್‌ಪೋಶರ್‌ನಲ್ಲಿ ತೆಗೆದು ಆಮೇಲೆ ಎತ್ತಿದ್ರೆ ನಾಯ್ಸ್ (ಕಾಳುಕಾಳು) ಬರುತ್ತೆ, ನಾಯ್ಸ್ ತೆಗೆಯೋಕೆ ಹೋದ್ರೆ ಗರಿ ಹೋಗುತ್ತೆ.

ಗುಳುಮುಳುಕ (ಭಾನುವಾರ, 13.05)

ಇಬ್ಬರಿಗೂ ಧನ್ಯವಾದ. ಆದ್ರೆ ಇವೆಲ್ಲ ಮಾಡಿ ನೋಡಿದೀನಿ. ಹಿಂದಿನ ಬಟನ್ ಎರಡು ವರ್ಷದಿಂದ ಬಳಸ್ತಿದೀನಿ. ಇವತ್ತು ಆಟೋಫೋಕಸ್ಸನ್ನೇ ಆಫ್ ಮಾಡಿ, ಪರದೆಯಲ್ಲಿ 10 ಪಟ್ಟು ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿದೆ. ಆಗಲೂ ಅದೇ ಕಥೆ. ಹಿಗ್ಗಿಸಿದಾಗ ಚಿತ್ರ ಒಂಚೂರು ಕುಲುಕಿದ ಹಾಗಿತ್ತು. ಕೈ ನಡುಕ ಅನ್ನೋಣ ಅಂದ್ರೆ ಲೆನ್ಸ್ ಬೀನ್‌ಬ್ಯಾಗ್ (ಲೆನ್ಸ್ ಆನಿಸೋ ಕಾಳು ತುಂಬಿದ ಚೀಲ) ಮೇಲಿತ್ತು.

ಮಸೂರಮಿತ್ರ (ಭಾನುವಾರ, 13.30)

ಹಾಗಾದ್ರೆ ಫ್ರಂಟ್ ಫೋಕಸ್ ಇರಬಹುದು, ಅಂದ್ರೆ ಆಟೋಫೋಕಸ್ ಹಕ್ಕಿಗಿಂತ ಮುಂದೆ ನಿಲ್ಲೋದು. ಅದನ್ನ ಸರಿಪಡಿಸೋ ಫೈನ್ ಟ್ಯೂನ್ ಮಾಡಿದೀರಾ? ಒಂದು ಸ್ಕೇಲನ್ನ 45 ಡಿಗ್ರಿ ಓರೆ ಇಟ್ಟು, ಟ್ರೈಪಾಡ್ ಮೇಲಿಂದ ತೆಗೆದು, ಯಾವ ಅಂಕಿ ಶಾರ್ಪ್ ಬಂತು ನೋಡಿ. 600ಕ್ಕೆ ಬೇರೆ, 150ಕ್ಕೆ ಬೇರೆ ಮಾಡಬೇಕು.

ಹಿನ್ನೀರು (ಭಾನುವಾರ, 14.10)

ಮಸೂರಮಿತ್ರ ಸರ್, ಅವರು ಕೈಯಲ್ಲಿ ಫೋಕಸ್ ಮಾಡಿದ್ರೂ ಹಾಗೇ ಬಂತು ಅಂತ ಹೇಳಿದ್ರಲ್ಲ. ಆಟೋಫೋಕಸ್ ಇಲ್ಲದ ಕಡೆ ಫೈನ್ ಟ್ಯೂನ್ ಏನು ಮಾಡುತ್ತೆ? ಅಲ್ಲದೆ ಅವರದ್ದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆಗಿದ್ರೆ ಫೋಕಸ್ ಅಳೆಯೋದು ಸೆನ್ಸರ್ ಮೇಲೇ, ಆ ತಾಪತ್ರಯ ಹೆಚ್ಚುಕಡಿಮೆ ಇರೋದೇ ಇಲ್ಲ.

ಮಂಜಿನ ಲೆಕ್ಕವನ್ನೂ ಒಮ್ಮೆ ನೋಡೋಣ. 200 ಮೀಟರ್ ಆಚೆಗಿನ ದಡ ಕಂಡೂ ಕಾಣದ ಹಾಗಿದೆ ಅಂದ್ಕೊಳ್ಳಿ. ಅಷ್ಟು ದಟ್ಟ ಮಂಜಿನಲ್ಲೂ 20 ಮೀಟರ್ ದೂರದ ಹಕ್ಕಿಯ ಕಾಂಟ್ರಾಸ್ಟ್ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತೆ. 100 ಮೀಟರ್‌ಗೆ ಹೋದ್ರೆ ಕಾಲು ಪಾಲೂ ಉಳಿಯಲ್ಲ, ಆ ಮಾತು ಬೇರೆ. ಮಂಜು ಚಿತ್ರವನ್ನ ಮಂಕು ಮಾಡುತ್ತೆ, ಕಲಸಿಬಿಡಲ್ಲ. ಮಂಕಾಗಿದ್ದನ್ನ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಮಟ್ಟಿಗೆ ವಾಪಸ್ ತರಬಹುದು. ಇವರ ಗರಿ ಕಲಸಿಹೋಗಿದೆ. ಕಾರಣ ಬೇರೇನೋ ಇದೆ.

ಮಸೂರಮಿತ್ರ (ಭಾನುವಾರ, 14.25)

ನೀವು ಹೇಳ್ತಿರೋದು ತೆಳು ಇಬ್ಬನಿಯ ಮಾತು. ಕೆರೆ ಮೇಲೆ ಬೀಳೋ ಗಟ್ಟಿ ಇಬ್ಬನಿ ನೀವು ನೋಡಿಲ್ಲ ಅನ್ಸುತ್ತೆ. ಹತ್ತು ಅಡಿ ಆಚೆ ಕಾಣಲ್ಲ.

ಹಿನ್ನೀರು (ಭಾನುವಾರ, 14.48)

ಇಬ್ಬನಿ ಅಂದ್ರೆ ಹುಲ್ಲಿನ ತುದಿಯಲ್ಲಿ, ಜೇಡರ ಬಲೆಯಲ್ಲಿ ಕೂರೋ ಹನಿ ಸರ್. ಗಾಳಿಯಲ್ಲಿ ತೇಲೋದು ಮಂಜು, ನಮ್ಮ ಹಳಬರು ಕಾವಳ ಅಂತಿದ್ರು. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರ್‌ಗಿಂತ ಕಡಿಮೆ ದೂರ ಕಂಡ್ರೆ ಮಂಜು, ಅದಕ್ಕಿಂತ ದೂರ ಕಂಡ್ರೆ ತೆಳು ಮಂಜು. ಬರೀ ಪದಕ್ಕಾಗಿ ಜಗಳ ಆಡ್ತಿಲ್ಲ. ಇಬ್ಬನಿ ಲೆನ್ಸ್ ಮೇಲೆ ಕೂತ್ರೆ ಒರೆಸಬೇಕು, ಮಂಜು ಎದುರಿಗಿದ್ರೆ ಕಾಯಬೇಕು. ಎರಡರ ಮದ್ದೂ ಬೇರೆ.

ಮಸೂರಮಿತ್ರ (ಭಾನುವಾರ, 14.55)

ನಮ್ಮ ಮನೆಯಲ್ಲಿ ಎರಡಕ್ಕೂ ಇಬ್ಬನಿ ಅಂತಾನೇ ಹೇಳೋದು. ಇಲ್ಲಿಗೆ ಬಿಡೋಣ.

ಹೊಸಗಣ್ಣು (ಭಾನುವಾರ, 16.02)

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನಗೂ ಮಂಜಿನದ್ದೇ ಸಮಸ್ಯೆ, ಆದ್ರೆ ದುರ್ಬೀನಿನಲ್ಲಿ. 10x42, ಅಂದ್ರೆ 10 ಪಟ್ಟು ಹಿಗ್ಗಿಸೋದು, ಮುಂದಿನ ಗಾಜು 42 ಮಿಲಿಮೀಟರ್. ಕಣ್ಣಿಗೆ ಇಟ್ಟ ಎರಡೇ ನಿಮಿಷಕ್ಕೆ ಆವಿ ಕಟ್ಟುತ್ತೆ. ನಾಮದ ಕೋಳಿ ಯಾವುದು, ಬೇರೆ ಯಾವುದು ಅಂತ ನೋಡೋ ಅಷ್ಟರಲ್ಲಿ ಎಲ್ಲ ಬಿಳಿ. ಏನು ಮಾಡಬೇಕು?

ಒಂಟಿಕಾಲಿನ ಕೊಕ್ಕರೆ (ಭಾನುವಾರ, 16.40)

ನಿಮ್ಮ ಉಸಿರೇ ಕಾರಣ. ಮಫ್ಲರ್ ಅಥವಾ ಮಾಸ್ಕ್ ಮೂಗಿನ ಮೇಲಿದ್ರೆ ಉಸಿರು ಸೀದಾ ಮೇಲೆ ಹೋಗಿ ಐಪೀಸ್‌ಗೆ ಬಡಿಯುತ್ತೆ. ಮಫ್ಲರನ್ನ ಗಲ್ಲಕ್ಕೆ ಇಳಿಸಿ. ನೋಡದೆ ಇರುವಾಗ ದುರ್ಬೀನನ್ನ ಜಾಕೆಟ್ ಒಳಗೆ ಹಾಕ್ಕೋಬೇಡಿ, ಮೈಯ ತೇವ ಅದಕ್ಕೆ ತಾಗುತ್ತೆ. ಹೊರಗೇ ನೇತಾಡಲಿ.

ಅಂದಹಾಗೆ ಮುಂಜಾನೆಗೆ 10x42ಗಿಂತ 8x42 ವಾಸಿ. 42ನ್ನ 8ರಿಂದ ಭಾಗಿಸಿದ್ರೆ ಕಣ್ಣಿಗೆ ಬರೋ ಬೆಳಕಿನ ಬಿಂಬ 5.25 ಮಿಲಿಮೀಟರ್, ನಿಮ್ಮದರಲ್ಲಿ 4.2. ನಾನು 8x42 ಕುತ್ತಿಗೆಗೆ, ಸ್ಪಾಟಿಂಗ್ ಸ್ಕೋಪ್ ಒಂದು ಟ್ರೈಪಾಡ್‌ಗೆ, 600 ಎಫ್ 4 ಇನ್ನೊಂದು ಟ್ರೈಪಾಡ್‌ಗೆ, ಅದಕ್ಕೆ ಗಿಂಬಲ್ ಹೆಡ್. ಎರಡನ್ನೂ ಹೆಗಲ ಮೇಲೆ ಹೊತ್ತು ದಡ ಸುತ್ತೋದೇ ನನ್ನ ವ್ಯಾಯಾಮ. ಎಫ್ 4 ಇದ್ದವರಿಗೆ ಐಎಸ್‌ಒ 3200ರ ಹತ್ತಿರ ಹೋಗೋ ಅಗತ್ಯವೇ ಬರಲ್ಲ, 1600ಕ್ಕೂ ಕೆಳಗೇ ಮುಗಿಯುತ್ತೆ.

ಹೊಸಗಣ್ಣು (ಭಾನುವಾರ, 16.58)

ಮಫ್ಲರ್ ಇಳಿಸಿ ನೋಡ್ತೀನಿ ಸರ್. ಆದ್ರೆ ಎಡಗಡೆ ಮಾತ್ರ ಒಳಗೆ ಮಂಜಾದ ಹಾಗಿದೆ, ಒರೆಸಿದ್ರೂ ಹೋಗ್ತಿಲ್ಲ.

ಜೌಗುಸೆಳೆವ (ಭಾನುವಾರ, 20.30)

ಗುಳುಮುಳುಕ ಅವರೇ, ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ಬೀನ್‌ಬ್ಯಾಗ್ ಎಲ್ಲಿಟ್ಟಿದ್ರಿ?

ಗುಳುಮುಳುಕ (ಭಾನುವಾರ, 20.44)

ಕಾರಿನ ಕಿಟಕಿ ಮೇಲೆ ಮೇಡಂ. ಗಾಜು ಅರ್ಧ ಇಳಿಸಿ ಅದರ ಮೇಲೆ. ಕೆಳಗಿಳಿದ್ರೆ ಬಾತುಗಳು ಈಜ್ಕೊಂಡು ಒಳಗೆ ಹೋಗಿಬಿಡ್ತವೆ, ಕಾರಿಗೆ ಹೆದರಲ್ಲ. ಎಲ್ಲರೂ ಹಾಗೇ ತಾನೇ ತೆಗೆಯೋದು?

ಜೌಗುಸೆಳೆವ (ಭಾನುವಾರ, 20.47)

ಎಂಜಿನ್ ಆನ್ ಇತ್ತಾ? ಬ್ಲೋವರ್?

ಗುಳುಮುಳುಕ (ಭಾನುವಾರ, 20.51)

ಇತ್ತು. ಇಲ್ಲದಿದ್ರೆ ಮುಂದಿನ ಗಾಜಿಗೆ ಪೂರ್ತಿ ಆವಿ ಕಟ್ಟುತ್ತೆ. ಅದಕ್ಕೆ ಬಿಸಿಗಾಳಿ ಹಾಕಿರ್ತೀನಿ, ಕೈಬೆರಳೂ ಬೆಚ್ಚಗಿರುತ್ತೆ. ಅದಕ್ಕೂ ಫೋಟೋಗೂ ಏನು ಸಂಬಂಧ?

ಜೌಗುಸೆಳೆವ (ಭಾನುವಾರ, 21.25)

ಸಮಸ್ಯೆ ಪೂರ್ತಿ ಅದರಲ್ಲೇ ಇದೆ. ಉರಿಯೋ ಬೆಂಕಿಯ ಆಚೆ ನಿಂತವರ ಮುಖ ಅಲ್ಲಾಡಿದ ಹಾಗೆ ಕಾಣುತ್ತಲ್ಲ, ನಿಮ್ಮ ಕಿಟಕಿಯಲ್ಲಿ ಆಗ್ತಿರೋದು ಅದೇ. ಬೆಚ್ಚಗಿನ ಗಾಳಿ ಹಗುರ, ತಣ್ಣಗಿನ ಗಾಳಿ ಸಾಂದ್ರ, ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತೆ. ಕಾರಿನ ಬಿಸಿಗಾಳಿ ಅರ್ಧ ಇಳಿಸಿದ ಗಾಜಿನ ಸಂದಿಯಿಂದ ಹೊರಗೆ ನುಗ್ಗಿ, ಲೆನ್ಸ್ ಮುಂದೆಯೇ ತಣ್ಣನೆ ಗಾಳಿಯ ಜೊತೆ ಸುರುಳಿ ಸುತ್ತುತ್ತೆ. ನೀವು ಅದರ ಮೂಲಕ 600 ಮಿಲಿಮೀಟರ್‌ನಲ್ಲಿ ನೋಡ್ತಿದೀರಿ. ಬರಿಗಣ್ಣಿಗೆ ಗೊತ್ತಾಗದ ಅಲೆದಾಟ ಅಲ್ಲಿ ಎದ್ದು ಕಾಣುತ್ತೆ. 'ಚಿತ್ರ ಕುಲುಕಿದ ಹಾಗಿತ್ತು' ಅಂದ್ರಲ್ಲ, ಆಗಲೇ ನನಗೆ ಅನುಮಾನ ಬಂತು.

ಲೆನ್ಸ್ ಮುಂದಿನ ಕೊಳವೆ, ಅದೇ ಹುಡ್, ಹಾಕಿದ್ರೆ ಇನ್ನೂ ಕಷ್ಟ. ಬೆಚ್ಚಗಾದ ಲೆನ್ಸ್‌ನ ಗಾಜು ಹುಡ್ ಒಳಗಿನ ಗಾಳಿಯನ್ನ ಕಾಯಿಸ್ತಾನೇ ಇರುತ್ತೆ, ಆ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ಸುತ್ತುತ್ತೆ. ಲೆನ್ಸ್ ಪೂರ್ತಿ ತಣ್ಣಗಾಗೋಕೆ ಅರ್ಧ ಗಂಟೆಯಾದ್ರೂ ಬೇಕು. ಮಧ್ಯಾಹ್ನ ಹೊರಗೂ ಒಳಗೂ ಒಂದೇ ಬಿಸಿ, ಹೀಟರ್ ಹಾಕಲ್ಲ, ಅದಕ್ಕೇ ಆಗ ಚೆನ್ನಾಗಿ ಬರುತ್ತೆ. ರಿಪೇರಿಯವರ ಮೇಜಿನ ಮೇಲೂ ಅದಕ್ಕೇ ಸರಿ ಬಂದಿದ್ದು.

ನನ್ನ ಮಾತನ್ನೇ ನಂಬಬೇಡಿ, ಪರೀಕ್ಷೆ ಮಾಡಿ. 15-20 ಮೀಟರ್ ದೂರದಲ್ಲಿ ಅಲ್ಲಾಡದ ಒಂದು ಗೂಟ ಹಿಡೀರಿ. ಕೈಯಲ್ಲಿ ಫೋಕಸ್ ಮಾಡಿ, ರಿಂಗ್ ಮುಟ್ಟದೆ 40 ಫೋಟೋ ಒಂದೇ ಸಮ ತೆಗೀರಿ. ನಲವತ್ತೂ ಒಂದೇ ಥರ ಕಲಸಿದ್ರೆ ಫೋಕಸ್ ಅಥವಾ ಲೆನ್ಸ್. ಒಂದು ಶಾರ್ಪ್, ಇನ್ನೊಂದು ಕಲಸು, ಒಂದರಲ್ಲಿ ಎಡ ಮೂಲೆ ಸರಿ, ಇನ್ನೊಂದರಲ್ಲಿ ಬಲ ಮೂಲೆ ಸರಿ, ಹೀಗೆ ಬಂದ್ರೆ ಅದು ಗಾಳಿ. ಒಮ್ಮೆ ಬ್ಲೋವರ್ ಹಾಕಿ, ಒಮ್ಮೆ ಎಂಜಿನ್ ಆಫ್ ಮಾಡಿ ಎಲ್ಲ ಗಾಜೂ ಇಳಿಸಿ ಅರ್ಧ ಗಂಟೆ ಬಿಟ್ಟು.

ಮಸೂರಮಿತ್ರ (ಭಾನುವಾರ, 21.50)

ಮೇಡಂ, ನಾನು ಐದು ವರ್ಷದಿಂದ ಕಾರಿಂದಲೇ ತೆಗೀತಿದೀನಿ, ಹೀಗಾಗಿಲ್ಲ. ಎಂಜಿನ್ ಆನ್ ಇದ್ರೆ ನಡುಕ ಬಾಗಿಲಿಗೆ ಬರುತ್ತೆ, ಬಾಗಿಲಿಂದ ಬೀನ್‌ಬ್ಯಾಗ್‌ಗೆ. ಆ ನಡುಕಕ್ಕೇ ಚಿತ್ರ ಕುಲುಕಿರೋದು.

ಜೌಗುಸೆಳೆವ (ಭಾನುವಾರ, 22.04)

ನಡುಕ ಇರುತ್ತೆ, ಇಲ್ಲ ಅಂತಿಲ್ಲ. ಆದ್ರೆ 1/1250ರಲ್ಲಿ ಅಷ್ಟು ದೊಡ್ಡದಾಗಿ ಕಾಣೋದು ಅನುಮಾನ. ನಡುಗಿದ್ರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿರುತ್ತೆ, ಗಾಳಿಯಾದ್ರೆ ಒಂದೊಂದು ಭಾಗ ಒಂದೊಂದು ಥರ ಕದಡಿರುತ್ತೆ. ನೀವು ಹೀಟರ್ ಹಾಕ್ತೀರಾ?

ಮಸೂರಮಿತ್ರ (ಭಾನುವಾರ, 22.11)

ಇಲ್ಲ. ಗಾಜು ಪೂರ್ತಿ ಇಳಿಸಿರ್ತೀನಿ.

ಹಿನ್ನೀರು (ಭಾನುವಾರ, 22.30)

ಒಂದು ಎಚ್ಚರಿಕೆ. ವಾಪಸ್ ಹೊರಡುವಾಗ ತಣ್ಣಗಾದ ಲೆನ್ಸನ್ನ ಹಾಗೇ ಬೆಚ್ಚಗಿನ ಕಾರಿಗೋ ಮನೆಗೋ ತಂದ್ರೆ ಒಳಗಿನ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತೆ. ಹೊರಗೇ ಬ್ಯಾಗ್‌ನಲ್ಲಿಟ್ಟು ಜಿಪ್ ಹಾಕಿ. ಮನೆಯಲ್ಲಿ ಒಂದೆರಡು ಗಂಟೆ ಬ್ಯಾಗ್ ತೆಗೀಬೇಡಿ. ಫೋಟೋ ನೋಡೋ ಆತುರ ಇದ್ರೆ ಕಾರ್ಡನ್ನ ಕೆರೆ ಹತ್ತಿರವೇ ತೆಗೆದಿಟ್ಕೊಳ್ಳಿ.

ಗುಳುಮುಳುಕ (ಮುಂದಿನ ಭಾನುವಾರ, 10.35)

ಈಗಷ್ಟೇ ಬಂದೆ. ಮೇಡಂ ಹೇಳಿದ ಹಾಗೇ ಮಾಡಿದೆ. ಗೂಟದ ಮೇಲೆ ಒಂದು ತುಕ್ಕು ಹಿಡಿದ ಮೊಳೆ ಇತ್ತು, ಅದನ್ನೇ ಹಿಡಿದೆ. ಬ್ಲೋವರ್ ಹಾಕಿ ತೆಗೆದ 40ರಲ್ಲಿ ಮೊಳೆಯ ಅಂಚು ಸರಿಯಾಗಿ ಕಂಡಿದ್ದು ಮೂರರಲ್ಲಿ. ಒಂದರಲ್ಲಿ ಮೊಳೆ ದುಂಡಗಿದೆ, ಮುಂದಿನದ್ರಲ್ಲಿ ಅದೇ ಮೊಳೆ ಮೊಟ್ಟೆಯ ಥರ ಉದ್ದಕ್ಕಿದೆ. ಫೋಕಸ್ ಮುಟ್ಟೇ ಇಲ್ಲ! ಆಮೇಲೆ ಎಂಜಿನ್ ಆಫ್, ನಾಲ್ಕೂ ಗಾಜು ಕೆಳಗೆ, ಹುಡ್ ತೆಗೆದು 35 ನಿಮಿಷ. ಕೈ ಮರಗಟ್ಟಿತ್ತು. 40ರಲ್ಲಿ 34 ಸರಿ ಬಂದವು.

ಅಷ್ಟರಲ್ಲಿ ಒಂದು ಗಂಡು ಶವಲರ್ ಸಲಿಕೆಯಂಥ ಕೊಕ್ಕನ್ನ ನೀರಲ್ಲಿಟ್ಟು ಅತ್ತಿತ್ತ ಆಡಿಸ್ತಾ ಕಾರಿನ ಪಕ್ಕಕ್ಕೇ ಬಂತು. ಕೊಕ್ಕು ಎತ್ತಿದಾಗ ಅಂಚಿನ ಬಾಚಣಿಗೆ ಹಲ್ಲುಗಳ ಸಂದಿಯಿಂದ ನೀರು ಸೋರ್ತಿರೋದು ಕಾಣ್ತಿದೆ. ಒಂದೊಂದು ಹಲ್ಲೂ ಬಿಡಿಬಿಡಿ. ನಾನು ಈ ಹಕ್ಕಿಯನ್ನ ಇಷ್ಟು ಚೆನ್ನಾಗಿ ನೋಡಿರಲೇ ಇಲ್ಲ. ಜೌಗುಸೆಳೆವ ಮೇಡಂ, ನಿಮ್ಮ ಉಪಕಾರ ಮರೆಯಲ್ಲ.

ಸೂಜಿಬಾಲದವು ಮಾತ್ರ ಸಿಗಲಿಲ್ಲ. ನಡುಕೆರೆಯಲ್ಲಿ, 120 ಮೀಟರ್ ಇರಬಹುದು. ಆ ಫೋಟೋಗಳು ಈಗಲೂ ಕಲಸಿವೆ.

ಜೌಗುಸೆಳೆವ (ಭಾನುವಾರ, 11.10)

ತುಂಬಾ ಸಂತೋಷ ಆಯ್ತು. ದೂರದ್ದಕ್ಕೆ ಲೆನ್ಸ್ ಏನೂ ಮಾಡಲಾರದು. ಚಳಿಗಾಲದ ಬೆಳಿಗ್ಗೆ ಕೆರೆ ನೀರು ಗಾಳಿಗಿಂತ ಬೆಚ್ಚಗಿರುತ್ತೆ, ನೀರಿನಿಂದ ಹೊಗೆ ಎದ್ದ ಹಾಗೆ ಕಾಣೋದು ಅದಕ್ಕೇ. ಅಲ್ಲೂ ಅದೇ ಬಿಸಿ-ತಣ್ಣನೆ ಗಾಳಿಯ ಕಲಸಾಟ, ಅದರ ಮೇಲೆ ಮಂಜು ಬೇರೆ. ಸೂಜಿಬಾಲದವು ದಡದ ಹತ್ತಿರ ಬರೋ ಜಾಗ ಯಾವುದು ಅಂತ ಎರಡು ದಿನ ಕ್ಯಾಮೆರಾ ಇಲ್ಲದೆ ನೋಡಿ. ಆಮೇಲೆ ಅಲ್ಲಿ, ಅವು ಬರೋಕೆ ಮುಂಚೆ ಹೋಗಿ ಕೂತ್ಕೊಳ್ಳಿ. ನೀವಾಗಿ ಹತ್ತಿರ ಹೋಗಿ ಎಬ್ಬಿಸಬೇಡಿ, ವಲಸೆ ಬಂದವಕ್ಕೆ ಮೇಯೋ ಹೊತ್ತು ಬಹಳ ಮುಖ್ಯ.

ಒಂಟಿಕಾಲಿನ ಕೊಕ್ಕರೆ (ಭಾನುವಾರ, 11.48)

ದೂರಕ್ಕೆ ನಾನು ಲೆನ್ಸ್ ಹಿಂದೆ ಸೇರಿಸೋ 1.4 ಪಟ್ಟು ಹಿಗ್ಗಿಸೋ ಟೆಲಿಕನ್ವರ್ಟರ್ ಹಾಕ್ತೀನಿ, 600 ಹೋಗಿ 840 ಆಗುತ್ತೆ. ಹೋದ ವಾರ ಅದರಲ್ಲೇ ಮೀನು ಹಿಡಿದ ನೀರುಕಾಗೆ ತೆಗೆದೆ, ರೆಕ್ಕೆ ಒಣಗಿಸ್ತಾ ಕೂತಿದ್ದು. ಫೋಟೋ ಹಾಕ್ತೀನಿ.

ಹಿನ್ನೀರು (ಭಾನುವಾರ, 12.05)

ಟೆಲಿಕನ್ವರ್ಟರ್ ಹಾಕಿದ್ರೆ ಗಾಳಿಯ ಅಲೆದಾಟವೂ 1.4 ಪಟ್ಟು ದೊಡ್ಡದಾಗುತ್ತೆ ಸರ್. ಗುಳುಮುಳುಕ ಅವರು ಈಗ ಅದಕ್ಕೆ ಕೈ ಹಾಕೋದು ಬೇಡ.

ಒಂಟಿಕಾಲಿನ ಕೊಕ್ಕರೆ (ಭಾನುವಾರ, 12.20)

ನನ್ನದ್ರಲ್ಲಿ ಚೆನ್ನಾಗೇ ಬಂದಿದೆ. ಫೋಟೋ ನೋಡಿ ಆಮೇಲೆ ಹೇಳಿ.

ಹೊಸಗಣ್ಣು (ಭಾನುವಾರ, 18.40)

ಮಫ್ಲರ್ ಇಳಿಸಿದ ಮೇಲೆ ಬಲಗಡೆ ಪೂರ್ತಿ ಸರಿಹೋಯ್ತು. ಎಡಗಡೆ ಒಳಗಿನ ಮಂಜು ಹಾಗೇ ಇದೆ, ಈಗ ಅಂಚಿನಲ್ಲಿ ಎರಡು ಸಣ್ಣ ಹನಿಯೂ ಕಾಣ್ತಿದೆ. ನೈಟ್ರೋಜನ್ ತುಂಬಿದ್ದು, ಒಳಗೆ ಆವಿ ಕಟ್ಟಲ್ಲ ಅಂತ ಡಬ್ಬಿ ಮೇಲೆ ಬರೆದಿತ್ತು. ಸೀಲ್ ಹೋಗಿದೆಯಾ? ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ರೆ ಒಣಗುತ್ತಾ, ಬಿಚ್ಚಿಸಬೇಕಾ? ಯಾರಾದ್ರೂ ಮಾಡಿಸಿದವರು ಇದ್ರೆ ಹೇಳಿ.