ಎರೆ ಹೊಲದಲ್ಲಿ ನೋಡ್ (ನೆಲದ ನಡುಕ ದಾಖಲಿಸುವ ಸಣ್ಣ ಬ್ಯಾಟರಿ ಸೆನ್ಸರ್) ಹುಗಿದು 40 ದಿನ ಬಿಡಬಹುದಾ? ಅನುಭವ ಇದ್ದವರು ಹೇಳಿ

ಎರೆಹೊಲ:
ಎಲ್ಲರಿಗೂ ನಮಸ್ಕಾರ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತ ನೆಲ ನಡುಗಿತ್ತಲ್ಲ, ಆ ಭಾಗದಲ್ಲಿ ಮೇ ಕೊನೆಗೆ 12 ತ್ರೀ ಕಾಂಪೊನೆಂಟ್ (ಮೂರು ದಿಕ್ಕಿನ ಅಲುಗಾಟ ಅಳೆಯುವ) ನೋಡ್ ಇಡಬೇಕು. 40 ದಿನ ರೆಕಾರ್ಡಿಂಗ್. ಬಹುಪಾಲು ಎರೆ ಹೊಲ. ಎಷ್ಟು ಆಳ ಹುಗಿಯಬೇಕು? ಮಧ್ಯೆ ಒಮ್ಮೆ ಹೋಗಿ ಡೇಟಾ ತೆಗೆಯಬೇಕಾ, ಕೊನೆಗೆ ಒಂದೇ ಸಲ ತೆಗೆದರೆ ಸಾಕಾ? ಒಂದು ಬೈಕ್, ಒಬ್ಬ ಸಹಾಯಕ, ಇಷ್ಟೇ ನನ್ನ ಬಲ.

ಘಟ್ಟದ ಮಳೆ:
ನೋಡ್ ಬಿಡಿ, ಬ್ರಾಡ್‌ಬ್ಯಾಂಡ್ ಸೆನ್ಸರ್ (ನಿಧಾನದ ಅಲೆಗಳನ್ನೂ ಹಿಡಿಯುವಂಥದ್ದು) ಕೇಳಿ ತೆಗೆದುಕೊಳ್ಳಿ. 2022ರ ಜೂನ್ ಕೊನೆಗೆ ಸುಳ್ಯ, ಕೊಡಗಿನ ಗಡಿಯಲ್ಲಿ ನೆಲ ನಡುಗಿದ ಮೇಲೆ ಆ ಕಡೆ ನಾಲ್ಕು ಸ್ಟೇಷನ್ ಹಾಕಿದವನು ನಾನು. ಒಂದು ಸ್ಟೇಷನ್ನಿನ ಲೆಕ್ಕ ಇನ್ನೂ ನೆನಪಿದೆ. ಸೆನ್ಸರ್ ಒಳಗಿಟ್ಟು ಹುಗಿಯುವ 200 ಲೀಟರ್ ಡ್ರಮ್ಮಿಗೆ 1,400 ರೂಪಾಯಿ. ಮೂರು ಮೂಟೆ ಸಿಮೆಂಟಿಗೆ 1,260. ಮರಳು, ಜಲ್ಲಿ, ಅದನ್ನು ತೋಟದೊಳಗೆ ಹೊತ್ತ ಕೂಲಿ ಸೇರಿ 3,600. 65 ಆಂಪಿಯರ್ ಅವರ್ ಬ್ಯಾಟರಿಗೆ 7,200. 40 ವ್ಯಾಟ್ ಪ್ಯಾನೆಲ್‌ಗೆ 2,600. ಮುಚ್ಚಳಕ್ಕೆ ಎರಡು ಸಲ ಸಿಲಿಕೋನ್ ಹಚ್ಚಿದೆ. ಹನಿ ನೀರೂ ಮೇಲಿನಿಂದ ಬರಲಿಲ್ಲ. ಬಂದದ್ದು ಕೆಳಗಿನಿಂದ! ಜುಲೈನಲ್ಲಿ ಒರತೆ ಎದ್ದು ಡ್ರಮ್ಮನ್ನೇ ಮೇಲಕ್ಕೆ ತಳ್ಳಿತು. ಸೆನ್ಸರ್ ಓರೆಯಾಯಿತು, ಕನೆಕ್ಟರ್‌ಗೆ ಹಸಿರು ಪಾಚಿಯ ಹಾಗೆ ಕಿಲುಬು. 23 ದಿನದ ಡೇಟಾ ಹೋಯಿತು.

ಎರಡನೇ ಸ್ಟೇಷನ್ನಿನಲ್ಲಿ ಪ್ಯಾನೆಲ್ ಅಡಿಕೆ ನೆರಳಿಗೆ ಬಿತ್ತು. ಬಿಸಿಲೇ ಇಲ್ಲ. ರಾತ್ರಿ ವೋಲ್ಟೇಜ್ 11ಕ್ಕಿಂತ ಕೆಳಗೆ ಹೋದರೆ ಡಿಜಿಟೈಸರ್ (ಸೆನ್ಸರಿನ ಸಿಗ್ನಲ್ಲನ್ನು ಅಂಕಿಯಾಗಿ ಬರೆದಿಡುವ ಪೆಟ್ಟಿಗೆ) ಆಫ್, ಮಧ್ಯಾಹ್ನ ಆನ್, ಸಂಜೆ ಮತ್ತೆ ಆಫ್. ಕಾರ್ಡ್ ತೆಗೆದು ನೋಡಿದರೆ ಸಾವಿರಾರು ತುಂಡು ಫೈಲುಗಳು. ಅವನ್ನು ಜೋಡಿಸಲು ಒಂದೂವರೆ ತಿಂಗಳು. ಆದರೂ ಹೇಳುತ್ತೇನೆ, ದೂರದ ದೊಡ್ಡ ಭೂಕಂಪದ ನಿಧಾನದ ಅಲೆಗಳು ಅಷ್ಟು ಚೆನ್ನಾಗಿ ನೋಡ್‌ನಲ್ಲಿ ಸಿಗುವುದಿಲ್ಲ. ಪಟ್ಟ ಕಷ್ಟಕ್ಕೆ ನನಗೆ ಬೇಸರವಿಲ್ಲ.

ಬಂಡೆಗಲ್ಲು:
ಅವರು ಕೇಳಿದ್ದು ಊರ ಪಕ್ಕದ ಸಣ್ಣ ನಡುಕದ ಬಗ್ಗೆ. ಅದಕ್ಕೆ 5 ಹರ್ಟ್ಸ್ ನೋಡ್ (ಸೆಕೆಂಡಿಗೆ ಐದು ಸಲಕ್ಕಿಂತ ವೇಗದ ಅಲುಗಾಟವನ್ನು ಚೆನ್ನಾಗಿ ಹಿಡಿಯುವಂಥದ್ದು) ಧಾರಾಳ ಸಾಕು. ನಾವು ಮೂರು ದಿನದಲ್ಲಿ 60 ನೋಡ್ ಇಟ್ಟಿದ್ದೇವೆ. ಡ್ರಮ್ಮಿಲ್ಲ, ಸಿಮೆಂಟಿಲ್ಲ. ಗುದ್ದಲಿಯಲ್ಲಿ ಗೇಣುದ್ದ ಗುಂಡಿ, ನೋಡಿನ ಅಡಿಯ ಮೊಳೆ ಒತ್ತಿ ನಿಲ್ಲಿಸು, ಲೆವೆಲ್ ನೋಡು, ಸುತ್ತ ಮಣ್ಣು ತುಂಬು, ಮುಂದಕ್ಕೆ ನಡೆ.

ನಮಗೆ ಪೆಟ್ಟು ಬಿದ್ದದ್ದು ವಾಪಸ್ ತೆಗೆಯುವಾಗ. ಕೈಯಲ್ಲಿ ಹಿಡಿಯುವ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಮಳೆ ಬಿದ್ದು ಹುಲ್ಲು ಬಂದರೆ ಆ ಐದು ಮೀಟರಿನಲ್ಲಿ ಎಲ್ಲಾ ಒಂದೇ. ಒಂದು ನೋಡಿಗಾಗಿ ಇಡೀ ಒಂದು ದಿನ ಅಗೆದಿದ್ದೇವೆ. ನಾಲ್ಕು ಸಿಗಲೇ ಇಲ್ಲ. ಮೂರಕ್ಕೆ ಟ್ರಾಕ್ಟರ್ ಕಾರಣ. ಬಿತ್ತನೆಗೆ ಹೊಲ ಹದ ಮಾಡುವಾಗ ಕುಂಟೆಗೆ ಸಿಕ್ಕಿ ಎದ್ದು ಹೋಗಿದ್ದವು. ಒಂದೊಂದಕ್ಕೂ ಲಕ್ಷದ ಮೇಲೆ ಬೆಲೆ. ಮೂರು ತಿಂಗಳು ನನ್ನ ಫೆಲೋಶಿಪ್ ತಡೆದರು. ಆಮೇಲಿಂದ ಪ್ರತಿ ನೋಡಿಗೂ ಎರಡು ಅಲುಗದ ಗುರುತಿನಿಂದ ಟೇಪ್ ಹಿಡಿದು ಅಳತೆ ಬರೆಯುತ್ತೇನೆ. ಬೇವಿನ ಮರದಿಂದ ಇಷ್ಟು, ಬದುವಿನ ಕಲ್ಲಿನಿಂದ ಇಷ್ಟು. ಅದಾದ ಮೇಲೆ ಒಂದೂ ಕಳೆದಿಲ್ಲ. ಹೊಲದ ನಡುವೆ ಇಡಬೇಡಿ, ಬದುವಿನಲ್ಲಿ ಇಡಿ.

ಘಟ್ಟದ ಮಳೆ:
60 ನೋಡ್ ಇಡಲು ಎಷ್ಟು ಜನ, ಎಷ್ಟು ಗಾಡಿ ಇದ್ದವು ಅಂತಲೂ ಬರೆಯಿರಿ. ಇವರ ಹತ್ತಿರ ಒಂದು ಬೈಕ್ ಇದೆ.

ಬಂಡೆಗಲ್ಲು:
ಒಂಬತ್ತು ಜನ, ಎರಡು ಗಾಡಿ. ಮುಚ್ಚಿಟ್ಟಿಲ್ಲ. ಬೈಕಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಆರು ನೋಡ್ ಹೋಗುತ್ತವೆ. ನಿಮ್ಮ ಡ್ರಮ್ಮು, ಮೂರು ಮೂಟೆ ಸಿಮೆಂಟು ಹೋಗುತ್ತಾ?

ಗಡಿಯಾರ:
ಜಗಳ ಆಮೇಲೆ ಆಡಿ. ಟೈಮ್ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ನನ್ನ ಒಂದು ವರ್ಷ ಹೋದದ್ದೇ ಅದರಲ್ಲಿ. ಡಿಜಿಟೈಸರ್ ಸರಿಯಾದ ಸಮಯ ಪಡೆಯುವುದು ಜಿಪಿಎಸ್‌ನಿಂದ. ಕಳ್ಳರ ಭಯಕ್ಕೆ ಅದರ ಆಂಟೆನಾವನ್ನು ತಗಡಿನ ಮಾಡಿನ ಕೆಳಗೆ ಕಟ್ಟಿದ್ದೆ. ಮೊದಲ ದಿನ ಲಾಕ್ (ಉಪಗ್ರಹದ ಸಿಗ್ನಲ್ ಸಿಕ್ಕಿದೆ ಅಂತ) ತೋರಿಸಿತು, ನಂಬಿ ಬಂದೆ. ಆಮೇಲೆ 11 ದಿನ ಲಾಕ್ ಇಲ್ಲ. ಒಳಗಿನ ಗಡಿಯಾರ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದಿನಕ್ಕೆ 86 ಮಿಲಿಸೆಕೆಂಡ್. ಅಲೆ ಸೆಕೆಂಡಿಗೆ 6 ಕಿಲೋಮೀಟರ್ ಓಡುತ್ತದೆ ಅಂದುಕೊಳ್ಳಿ. ದಿನಕ್ಕೆ ಅರ್ಧ ಕಿಲೋಮೀಟರ್ ತಪ್ಪು. 11ನೇ ದಿನಕ್ಕೆ ಐದೂವರೆಗಿಂತ ಜಾಸ್ತಿ! ನಡುಕದ ಕೇಂದ್ರ ಪಕ್ಕದ ಊರಿಗೆ ಹೋಗಿ ಕೂತಿತ್ತು.

ಇನ್ನೊಂದು ಸಲ ಲೀಪ್ ಸೆಕೆಂಡ್, ಅಂದರೆ ಲೋಕದ ಗಡಿಯಾರಕ್ಕೆ ಹೆಚ್ಚುವರಿಯಾಗಿ ಸೇರಿಸುವ ಒಂದು ಸೆಕೆಂಡ್. 2016ರ ಡಿಸೆಂಬರ್ 31ರದ್ದು, ನಮ್ಮಲ್ಲಿ ಆಗ 2017ರ ಜನವರಿ 1ರ ಬೆಳಿಗ್ಗೆ ಐದೂವರೆ. ಎರಡು ಬೇರೆ ಬೇರೆ ಡಿಜಿಟೈಸರ್ ಇದ್ದವು. ಒಂದು ಆ ಸೆಕೆಂಡ್ ಸೇರಿಸಿತು, ಇನ್ನೊಂದು ಸೇರಿಸಲಿಲ್ಲ. ಅದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಈಗ ಹೊರಡುವ ಮುಂಚೆ ಎಲ್ಲ ಸೆನ್ಸರನ್ನೂ ಒಂದೇ ಕೋಣೆಯ ನೆಲದ ಮೇಲೆ ಒಂದು ರಾತ್ರಿ ಒಟ್ಟಿಗೆ ಓಡಿಸುತ್ತೇನೆ. ಯಾವುದು ಬೇರೆ ದಾರಿ ಹಿಡಿಯುತ್ತದೋ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಹೊಲದಲ್ಲೂ ನೋಡ್ ತಲೆಯ ಮೇಲೆ ಮಣ್ಣು ಹೇರಬೇಡಿ. ನೆನೆದ ಎರೆ ಮಣ್ಣು ಜಿಪಿಎಸ್ ಸಿಗ್ನಲ್ಲನ್ನು ನುಂಗುತ್ತದೆ.

ಹಳೇ ಜೀಪು:
ಯಂತ್ರದ ಮಾತು ಸಾಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಆದ ಭೂಕಂಪವನ್ನು ಕಲಬುರಗಿ, ಬೀದರ್ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ಹುಗಿದ ಪೆಟ್ಟಿಗೆ ಕಂಡರೆ ಹೆದರುತ್ತಾರೆ. ನಮಗೆ ಒಂದು ಊರಿನಲ್ಲಿ ನಿಧಿ ಹುಡುಕುವವರು ಅಂದರು. ಇನ್ನೊಂದು ಊರಿನಲ್ಲಿ ಗಣಿಗೆ ಭೂಮಿ ಹೋಗುತ್ತದೆ ಅಂತ ಸುದ್ದಿ ಹಬ್ಬಿ ಎರಡು ಸೆನ್ಸರ್ ಕಿತ್ತು ಪಂಚಾಯಿತಿ ಕಟ್ಟೆ ಮೇಲೆ ಇಟ್ಟಿದ್ದರು. ಅವರ ತಪ್ಪಲ್ಲ. ನಾವು ಮೊದಲು ಹೋಗಿ ಹೇಳಲಿಲ್ಲ. ಆಮೇಲೆ ಪ್ರತಿ ಊರಿನಲ್ಲೂ ಸಂಜೆ ಕಟ್ಟೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಮಕ್ಕಳನ್ನು ಪಕ್ಕದಲ್ಲಿ ಕುಣಿಸಿ, ಗೆರೆ ಅಲುಗಾಡುವುದನ್ನು ತೋರಿಸಿದೆ. ಅದಾದ ಮೇಲೆ ಯಾರೂ ಮುಟ್ಟಲಿಲ್ಲ. ಶಾಲೆ ಕಾಂಪೌಂಡಿನಲ್ಲಿ ಇಡಿ, ಭದ್ರ.

ಬಂಡೆಗಲ್ಲು:
ಶಾಲೆ ಬೇಡವೇ ಬೇಡ. ಹಗಲೆಲ್ಲ ಮಕ್ಕಳ ಕಾಲು, ಪಕ್ಕದಲ್ಲಿ ಗಿರಣಿ.

ಹಳೇ ಜೀಪು:
ರಾತ್ರಿ ಡೇಟಾ ಸಾಕಲ್ವಾ?

ಬಂಡೆಗಲ್ಲು:
ಸರ್, ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ಪಂಪ್‌ಸೆಟ್ಟುಗಳೆಲ್ಲ ಓಡುವುದೇ ರಾತ್ರಿ. ನನ್ನ ಡೇಟಾದಲ್ಲಿ ಹಗಲಿಗಿಂತ ರಾತ್ರಿ ಗದ್ದಲ ಜಾಸ್ತಿ ಇತ್ತು. ಗೌರಿಬಿದನೂರಿನ ಭೂಕಂಪನ ಕೇಂದ್ರದ ಸೆನ್ಸರ್‌ಗಳು 1965ರಿಂದ ಬಂಡೆ ಮೇಲೆ ಕೂತಿರುವುದು ಸುಮ್ನೆ ಅಲ್ಲ.

ಹಳೇ ಜೀಪು:
ಬಂಡೆ ಇದ್ದ ಕಡೆ ಬಂಡೆ. ಎರೆ ನಾಡಿನಲ್ಲಿ ಬಂಡೆ ಎಲ್ಲಿಂದ ತರೋಣ? ಕಳೆದ ಸೆನ್ಸರ್‌ಗಿಂತ ಗದ್ದಲದ ಡೇಟಾ ವಾಸಿ. ನಾಲ್ಕು ಕಳೆದವರು ನೀವೇ ಅಲ್ವಾ?

ಬಂಡೆಗಲ್ಲು:
ಅದನ್ನು ನಾನೇ ಬರೆದದ್ದು. ಎತ್ತಿ ಆಡುವ ಅಗತ್ಯವಿರಲಿಲ್ಲ.

ಕಾರ್ಡು ಕಳೆದವಳು:
ಡೇಟಾ ತೆಗೆಯುವ ಪ್ರಶ್ನೆ ಹಾಗೇ ಉಳಿಯಿತು. ನನ್ನ ಕಥೆ ಕೇಳಿ. ಕಾರ್ಡ್ ಬದಲಿಸುವ ಡಿಜಿಟೈಸರ್. ಸಂಜೆ ಏಳು ಗಂಟೆ, ಮಳೆ ಬರುವ ಹಾಗಿತ್ತು. ತೆಗೆದ ಕಾರ್ಡನ್ನೂ ಖಾಲಿ ಕಾರ್ಡನ್ನೂ ಒಂದೇ ಜೇಬಿಗೆ ಹಾಕಿದೆ. ಮುಂದಿನ ಸ್ಟೇಷನ್ನಿನಲ್ಲಿ ತುಂಬಿದ್ದನ್ನೇ ಹಾಕಿ ಫಾರ್ಮ್ಯಾಟ್ ಒತ್ತಿದೆ. 41 ದಿನ. ಆ ರಾತ್ರಿ ಲಾಡ್ಜಿನಲ್ಲಿ ಊಟ ಇಳಿಯಲಿಲ್ಲ. ಈಗ ಎರಡು ಬಣ್ಣದ ಡಬ್ಬಿ ಇಟ್ಟುಕೊಂಡಿದ್ದೇನೆ.

ಸೆಕೆಂಡಿಗೆ 100 ಸ್ಯಾಂಪಲ್, ಮೂರು ಚಾನೆಲ್, ಒಂದಕ್ಕೆ 4 ಬೈಟ್ ಅಂದರೆ ಕುಗ್ಗಿಸದೆ ದಿನಕ್ಕೆ ಸುಮಾರು 104 ಎಂಬಿ. 12 ನೋಡಿಗೆ 40 ದಿನದ್ದು 50 ಜಿಬಿ. ಎರಡು ಡಿಸ್ಕಿಗೆ ಹಾಕಿ, ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡಬೇಡಿ. ಯಾವ ಸೀರಿಯಲ್ ನಂಬರ್ ಯಾವ ಗುಂಡಿಯಲ್ಲಿತ್ತು ಅಂತ ಅಲ್ಲೇ ಫೋಟೋ ಹೊಡೆಯಿರಿ. ನನ್ನವು ಎರಡು ಅದಲುಬದಲಾಗಿದ್ದವು.

ಗಡಿಯಾರ:
ಫೋಟೋ ಸಾಲದು. ಫೋನಿನ ಟೈಮ್ ತಪ್ಪಿದ್ದರೆ?

ಕಾರ್ಡು ಕಳೆದವಳು:
ನಂಬರ್ ಓದಲು ಟೈಮ್ ಯಾಕೆ ಬೇಕು? ಎಲ್ಲವನ್ನೂ ಗಡಿಯಾರಕ್ಕೇ ತರಬೇಡಿ. ಎರೆಹೊಲ ಅವರೇ, ನೋಡಿನ ಬ್ಯಾಟರಿ ಎಷ್ಟು ದಿನ ಬರುತ್ತದೆ ನೋಡಿದಿರಾ? ನಾನು ಬಳಸಿದ್ದು 25 ದಿನಕ್ಕೆ ನಿಂತಿತು. ಹೊರಗಿನಿಂದ ನೋಡಿದರೆ ಸತ್ತದ್ದೂ ಬದುಕಿದ್ದೂ ಒಂದೇ ಥರ.

ಎರೆಹೊಲ:
ಈಗ ಕೈಪಿಡಿ ತೆಗೆದು ನೋಡಿದೆ ಅಕ್ಕಾ. 30 ದಿನ ಅಂತಿದೆ. 20ನೇ ದಿನಕ್ಕೆ ಎಲ್ಲ ಎತ್ತಿ, ಚಾರ್ಜ್ ಮಾಡಿ, ಡೇಟಾ ಇಳಿಸಿ, ಮತ್ತೆ ಅದೇ ಗುಂಡಿಯಲ್ಲಿ ಇಡುತ್ತೇನೆ. ಹಾಗಾದರೆ ಬದುವಿನಲ್ಲಿ, ತಲೆ ನೆಲಮಟ್ಟಕ್ಕೆ. ಟೇಪ್ ನಾಳೆ ತರುತ್ತೇನೆ. ಎರೆ ಮಣ್ಣು ಮಳೆಗೆ ಉಬ್ಬಿ ನೋಡ್ ಓರೆಯಾದರೆ ಏನು ಮಾಡಿದಿರಿ ಅಂತ ಇನ್ನೂ ಯಾರೂ ಹೇಳಿಲ್ಲ.

ಘಟ್ಟದ ಮಳೆ:
ಓರೆಯಾದದ್ದು ನಾನು ಮೊದಲೇ ಬರೆದಿದ್ದೇನೆ, ಓದಿ.

ಬಂಡೆಗಲ್ಲು:
ಅದು ಡ್ರಮ್ಮಿನ ಕಥೆ. ಎರೆ ಬಿರುಕಿನ ಪಕ್ಕ ಇಡಬೇಡಿ ಎರೆಹೊಲ. ಒಂದಡಿ ದೂರವಾದರೂ ಬಿಡಿ. 20ನೇ ದಿನ ಎತ್ತುವ ಮುಂಚೆ ಲೆವೆಲ್ ಗುಳ್ಳೆ ಎಲ್ಲಿದೆ ಅಂತ ಬರೆದುಕೊಳ್ಳಿ.